ಇಪ್ಪತ್ತು ತಿರುವುಗಳ ನಡುವೆ

ಬಣ್ಣ ಕಲಸಿಹೋದ ರೂಬಿಕ್ಸ್ ಕ್ಯೂಬಿನ ಆರು ಮುಖಗಳನ್ನೂ ಒಂದೊಂದಾಗಿ ಮೊಬೈಲ್ ಕ್ಯಾಮೆರಾಕ್ಕೆ ತೋರಿಸಿದರೆ ಸಾಕು, ಯಾವ ಬದಿಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ಬಾಣ ಹಾಕಿ ಹೇಳುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಇಪ್ಪತ್ತು, ಇಪ್ಪತ್ತೆರಡು ತಿರುವಿನಲ್ಲಿ ಕೆಲಸ ಮುಗಿಯುತ್ತದೆ. ಹೀಗೆ ಸರಿಯಾದ ಕ್ಯೂಬನ್ನು ಬಿಡಿಸಿದ್ದು ಎನ್ನಬಹುದೇ ಎಂಬ ಬಗ್ಗೆ ಮೈಸೂರಿನ ಒಂದು ಮನೆಯಲ್ಲಿ ನಡೆದ ಮಾತು ಇದು. ದೊಡ್ಡಪ್ಪ ಐಟಿಐಯಲ್ಲಿ ಫಿಟ್ಟರ್ ಹುಡುಗರಿಗೆ ಕಲಿಸಿ ನಿವೃತ್ತರಾದವರು. ತಮ್ಮನ ಮಗಳು ಸಾಫ್ಟ್‌ವೇರ್ ಬರೆಯುವವಳು. ಕ್ಯೂಬ್ ಅವಳ ಒಂಬತ್ತು ವರ್ಷದ ಮಗನದು. ಅವನು ಅದನ್ನು ಮೇಜಿನ ಮೇಲಿಟ್ಟು ಆಡಲು ಹೋಗಿದ್ದಾನೆ. ಇಬ್ಬರೂ ಮಗುವಿನ ಒಳ್ಳೆಯದನ್ನೇ ಬಯಸುವವರಾದ್ದರಿಂದ ಈ ಜಗಳ ನನಗೆ ಬೆಲೆಯುಳ್ಳದ್ದೆನಿಸಿತು.

ದೊಡ್ಡಪ್ಪ: ಕ್ಯೂಬ್ ಸರಿಮಾಡಿಬಿಟ್ಟೆ ತಾತ ಅಂತ ತಂದು ತೋರಿಸಿದ. ಹೇಗೆ ಮಾಡಿದೆಯೋ ಅಂದೆ. ಮೊಬೈಲ್ ಹೇಳ್ತು, ನಾನು ತಿರುಗಿಸಿದೆ ಅಂದ. ಇದ್ದದ್ದು ಇದ್ದ ಹಾಗೆ ಹೇಳಿದ, ಅದು ನನಗೆ ಹಿಡಿಸ್ತು. ಆದರೆ ಇದರಲ್ಲಿ ಅವನು ಮಾಡಿದ್ದು ಏನು ಅಂತ ತಿಳೀಲಿಲ್ಲ.

ಮಗಳು: ಹುಟ್ಟಿದ ಹಬ್ಬಕ್ಕೆ ಬಂದ ದಿನವೇ ಕಲಸಿದ್ದ ದೊಡ್ಡಪ್ಪ. ಒಂದು ಮುಖ ಬಿಳಿ ಮಾಡ್ತಾನೆ, ಇನ್ನೊಂದಕ್ಕೆ ಕೈ ಹಾಕಿದರೆ ಮೊದಲಿನದು ಕೆಡುತ್ತೆ. ಮತ್ತೆ ಮತ್ತೆ ಹಾಗೇ ಆಗಿ, ಕೊನೆಗೆ ಅಳು ಬಂದು ಸೋಫಾ ಕೆಳಗೆ ಎಸೆದಿದ್ದ. ಇವತ್ತು ಅವನ ಕೈಯಲ್ಲೇ ಆರೂ ಬಣ್ಣ ಕೂಡಿಕೊಂಡವು. ಕೊನೇ ತಿರುವಿಗೆ ಅವನ ಮುಖ ಹೇಗೆ ಅರಳಿತು ಅಂತ ನಾನು ನೋಡಿದೀನಿ.

ದೊಡ್ಡಪ್ಪ: ಸಂತೋಷ ಸುಳ್ಳು ಅಂತ ನಾನು ಹೇಳಲ್ಲ. ಇದೂ ಸರಿಯಾಗುತ್ತೆ ಅನ್ನೋದು ಅವನಿಗೆ ಗೊತ್ತಾಯ್ತು, ಅಷ್ಟು ಒಪ್ಪಿದೆ. ತನ್ನಿಂದ ಆಗುತ್ತೆ ಅಂತ ಗೊತ್ತಾಯ್ತಾ? ನಮ್ಮಲ್ಲಿ ಫಿಟ್ಟರ್ ಟ್ರೇಡಿಗೆ ಬಂದ ಹುಡುಗನಿಗೆ ಮೊದಲ ಕೆಲಸ ಏನು ಗೊತ್ತಾ? ವೈಸಲ್ಲಿ ಒಂದು ಕಬ್ಬಿಣದ ತುಂಡು ಕಟ್ಟಿ, ಅರ ಹಿಡಿದು, ಮೈ ಸಮ ಮಾಡೋದು. ಪಕ್ಕದ ಶೆಡ್ಡಲ್ಲೇ ಮಿಲ್ಲಿಂಗ್ ಮಷಿನ್ ಇರುತ್ತೆ. ಅದಕ್ಕೆ ಕೊಟ್ಟರೆ ನಿಮಿಷದ ಕೆಲಸ. ಇವನು ದಿನಗಟ್ಟಲೆ ಉಜ್ಜಿ, ಟ್ರೈ ಸ್ಕ್ವೇರ್ ಇಟ್ಟು, ಬೆಳಕಿಗೆ ಹಿಡಿದು, ಸಂದಿಯಲ್ಲಿ ಬೆಳಕು ಕಾಣ್ತಾ ಅಂತ ನೋಡ್ತಾನೆ. ಕಂಡರೆ ಮತ್ತೆ ಉಜ್ಜು. ಆ ತುಂಡು ಯಾವ ಕೆಲಸಕ್ಕೂ ಬಾರದು, ಕೊನೆಗೆ ಗುಜರಿಗೇ ಹೋಗೋದು. ಆದರೆ ಮಟ್ಟ ಅಂದರೇನು ಅಂತ ಆ ಹುಡುಗನ ಅಂಗೈಗೆ ತಿಳಿದಿರುತ್ತೆ.

ಮಗಳು: ಟ್ರೈ ಸ್ಕ್ವೇರನ್ನೂ ನೀನೇ ಮಾಡ್ಕೋ ಅಂತ ಹೇಳ್ತಿದ್ರಾ? ಇಲ್ಲ. ಬೇರೆಯವರು ಕರಾರುವಾಕ್ಕಾಗಿ ಮಾಡಿಟ್ಟದ್ದನ್ನೇ ಕೊಡ್ತಿದ್ರಿ. ನನ್ನ ಲೆಕ್ಕದಲ್ಲಿ ಈ ಆ್ಯಪ್ ಟ್ರೈ ಸ್ಕ್ವೇರ್, ನಿಮ್ಮ ಲೆಕ್ಕದಲ್ಲಿ ಮಿಲ್ಲಿಂಗ್ ಮಷಿನ್. ನಮ್ಮ ಭಿನ್ನಾಭಿಪ್ರಾಯ ಇರೋದು ಇಲ್ಲೇ. ನಿನ್ನೆ ಏನಾಯ್ತು ಅಂತ ಹೇಳ್ತೀನಿ, ಕೇಳಿ. ಮೊದಲು ಬಣ್ಣ ತೋರಿಸೋ ಕೆಲಸ. ರಾತ್ರಿ ದೀಪದ ಹಳದಿ ಬೆಳಕಲ್ಲಿ ಕ್ಯಾಮೆರಾಕ್ಕೆ ಕೆಂಪು ಯಾವುದು, ಕಿತ್ತಳೆ ಯಾವುದು ಅಂತ ತಿಳೀಲಿಲ್ಲ. ಕೆಂಪು ಹನ್ನೊಂದು, ಕಿತ್ತಳೆ ಏಳು ಅಂತ ಲೆಕ್ಕ ತೋರಿಸಿತು. ಪುಟ್ಟ ಕೂತು ಯೋಚಿಸಿದ. ಪ್ರತಿ ಬಣ್ಣವೂ ಒಂಬತ್ತೇ ಇರಬೇಕು ಅಲ್ವಾ ಅಮ್ಮ ಅಂದ. ಆಮೇಲೆ ಇನ್ನೊಂದು ಕಂಡುಹಿಡಿದ. ಕೆಂಪಿನ ಎದುರು ಬದಿಗೆ ಕಿತ್ತಳೆ ಇರೋದರಿಂದ ಒಂದೇ ಅಂಚಿನ ತುಂಡಲ್ಲಿ ಕೆಂಪು, ಕಿತ್ತಳೆ ಎರಡೂ ಇರೋಕೆ ಸಾಧ್ಯವೇ ಇಲ್ಲ. ಹಾಗೆ ನೋಡಿ ನೋಡಿ ತಪ್ಪು ಬಿದ್ದ ಎರಡು ಚೌಕವನ್ನು ತಾನೇ ತಿದ್ದಿದ. ಅಷ್ಟು ದಿನ ಬರೀ ಕೈಯಲ್ಲಿ ತಿರುಗಿಸ್ತಾ ಇದ್ದಾಗ ಅವನಿಗೆ ಇದು ಹೊಳೆದೇ ಇರಲಿಲ್ಲ.

ದೊಡ್ಡಪ್ಪ: ಹೌದಾ? ಇದು ಒಳ್ಳೇದಾಯ್ತು. ಕ್ಯೂಬಲ್ಲಿ ಇರೋದು ಐವತ್ತನಾಲ್ಕು ಬಿಡಿ ಚೌಕ ಅಲ್ಲ, ತುಂಡುಗಳು. ಎಂಟು ಮೂಲೆ, ಹನ್ನೆರಡು ಅಂಚು, ಅಲ್ಲಾಡದ ಆರು ನಡುವಿನವು ಅಂತ ಅರ್ಥ ಆದರೆ ಅರ್ಧ ಕ್ಯೂಬ್ ತಿಳಿದ ಹಾಗೆ. ಆದರೆ ಒಂದು ಗಮನಿಸು. ಅವನು ಯೋಚಿಸಿದ್ದು ಆ್ಯಪ್ ಎಡವಿದ ಜಾಗದಲ್ಲಿ. ಅದಕ್ಕೆ ಕಣ್ಣು ಸರಿಯಾಗಿ ಕಂಡಿದ್ದರೆ ಇವನು ಯೋಚಿಸುವ ಪ್ರಮೇಯವೇ ಬರ್ತಿರಲಿಲ್ಲ.

ಮಗಳು: ಅದನ್ನ ಒಪ್ತೀನಿ.

ದೊಡ್ಡಪ್ಪ: ಇದನ್ನ ಮಾಡಿದ ಮನುಷ್ಯನನ್ನೇ ತಗೋ. ಎರ್ನೋ ರೂಬಿಕ್. ಬುಡಾಪೆಸ್ಟಿನ ಕಲಾಶಾಲೆಯಲ್ಲಿ ಮೇಷ್ಟ್ರು. 1974ರಲ್ಲಿ ಮೊದಲು ಮರದ ತುಂಡುಗಳಲ್ಲಿ ಮಾಡಿದ. ತುಂಡುಗಳು ಕಳಚಿ ಬೀಳದೆ ಎಲ್ಲಾ ಕಡೆ ತಿರುಗಬೇಕು, ಅದೇ ಅವನ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ತು. ಒಂದಷ್ಟು ತಿರುಗಿಸಿದ ಮೇಲೆ ವಾಪಸ್ ತರೋದು ಹೇಗೆ ಅಂತ ಅವನಿಗೇ ತಿಳೀಲಿಲ್ಲ. ತಾನೇ ಮಾಡಿದ ಒಗಟು ಬಿಡಿಸೋಕೆ ಒಂದು ತಿಂಗಳಿಗೂ ಮೇಲೆ ಹಿಡೀತು. ಒಬ್ಬನೇ ಕೂತು ಮಾಡಿದ. ಆ ತಿಂಗಳ ಬೆಲೆ ಎಷ್ಟು, ಹೇಳು.

ಮಗಳು: ಬಹಳ. ಆದರೆ ಆ ತಿಂಗಳು ಅವನೊಬ್ಬನಿಗೇ ಸಿಕ್ಕಿದ್ದು. ಇದನ್ನು ಬಿಡಿಸೋಕೆ ಆಗುತ್ತೋ ಇಲ್ಲವೋ ಅಂತ ಗೊತ್ತಿಲ್ಲದೆ ಕೂತವನು ಅವನು. ಆಮೇಲೆ ಕೈಗೆತ್ತಿಕೊಂಡ ಎಲ್ಲರಿಗೂ ಬಿಡಿಸಬಹುದು ಅನ್ನೋದಾದರೂ ಗೊತ್ತಿತ್ತು. 1980ರಲ್ಲಿ ಕ್ಯೂಬ್ ಹಂಗೇರಿ ದಾಟಿ ಎಲ್ಲಾ ದೇಶಕ್ಕೂ ಹೋಯ್ತು. 1981ಕ್ಕೆ ಬಿಡಿಸುವ ದಾರಿ ಹೇಳುವ ಪುಸ್ತಕಗಳೇ ಲಕ್ಷಗಟ್ಟಲೆ ಮಾರಾಟ ಆದವು. ಜೇಮ್ಸ್ ನೋರ್ಸ್ ಅನ್ನೋ ರಸಾಯನಶಾಸ್ತ್ರಜ್ಞ ಒಂದು ಬರೆದ. ಇಂಗ್ಲೆಂಡಿನಲ್ಲಿ ಪ್ಯಾಟ್ರಿಕ್ ಬಾಸರ್ಟ್ ಅನ್ನೋ ಹದಿಮೂರು ವರ್ಷದ ಶಾಲಾ ಹುಡುಗ ಇನ್ನೊಂದು ಬರೆದ. ಜನ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ತಿರುಗಿಸಿದರು. ತಾವೇ ಕಂಡುಹಿಡಿದವರು ಎಲ್ಲೋ ಕೆಲವರು. ನೀವು ಹೇಗೆ ಕಲಿತದ್ದು ದೊಡ್ಡಪ್ಪ?

ದೊಡ್ಡಪ್ಪ: ನಮ್ಮ ಜೊತೆ ಕೆಲಸ ಮಾಡ್ತಿದ್ದವರೊಬ್ಬರು ಪುಸ್ತಕದಿಂದ ಕೈಯಲ್ಲೇ ನಕಲು ಮಾಡಿ ತಂದಿದ್ದ ಹಾಳೆಯಿಂದ. ಬಲಬದಿಗೆ ಆರ್, ಮೇಲಿನದಕ್ಕೆ ಯು, ಕೆಳಗಿನದಕ್ಕೆ ಡಿ ಅನ್ನೋ ಸಂಕೇತ. ಲಂಡನ್ನಿನ ಡೇವಿಡ್ ಸಿಂಗ್‌ಮಾಸ್ಟರ್ ಅನ್ನೋ ಗಣಿತದ ಮೇಷ್ಟ್ರು ಹಾಕಿಕೊಟ್ಟದ್ದು ಅದು. ಈಗಲೂ ಅದೇ ನಡೀತಿದೆ.

ಮಗಳು: ಮತ್ತೆ? ನಿಮ್ಮ ಹಾಳೆಗೂ ಅವನ ಬಾಣಕ್ಕೂ ಏನು ವ್ಯತ್ಯಾಸ? ಇಬ್ಬರೂ ಬೇರೆಯವರು ಹೇಳಿದ್ದನ್ನೇ ತಿರುಗಿಸಿದ್ದು.

ದೊಡ್ಡಪ್ಪ: ವ್ಯತ್ಯಾಸ ಇದೆ. ಹಾಳೆ ನನ್ನ ಕೈಲಿದ್ದ ಕ್ಯೂಬನ್ನು ನೋಡಿರಲಿಲ್ಲ. ಮೇಲಿನ ಅಂಚು ಹೀಗಿದ್ದರೆ ಇದು ಮಾಡು, ಹಾಗಿದ್ದರೆ ಅದು ಮಾಡು ಅಂತ ಹೇಳುತ್ತೆ. ಹೀಗಿದೆಯೋ ಹಾಗಿದೆಯೋ ಅಂತ ನೋಡೋನು ನಾನೇ. ತಪ್ಪು ನೋಡಿದರೆ ಮೊದಲಿಂದ ಶುರು. ಒಂದು ಪದರ, ಎರಡನೇ ಪದರ, ಆಮೇಲೆ ಮೇಲಿನದು. ನೂರಕ್ಕೂ ಹೆಚ್ಚು ತಿರುವು ಬೇಕು, ಸುತ್ತುಬಳಸಿನ ದಾರಿ. ಆದರೆ ಪ್ರತಿ ಹಂತದಲ್ಲೂ ಏನಾಯ್ತು ಅಂತ ಕಣ್ಣಿಗೆ ಕಾಣುತ್ತೆ. ನಿನ್ನ ಆ್ಯಪ್ ಹೇಳೋ ಇಪ್ಪತ್ತರಲ್ಲಿ ಹದಿನೈದು ಮುಗಿದಾಗಲೂ ಕ್ಯೂಬ್ ಕಲಸಿಕೊಂಡೇ ಇರುತ್ತೆ. ಕೊನೇ ನಾಲ್ಕೈದರಲ್ಲಿ ಎಲ್ಲಾ ಒಮ್ಮೆಲೇ ಕೂಡಿಬಿಡುತ್ತೆ. ಮಗು ಇದರಿಂದ ಏನು ಕಲೀಬೇಕು? ಯಾರೋ ಮಾಟ ಮಾಡಿದ ಹಾಗೆ ಅನಿಸೋದಿಲ್ವಾ?

ಮಗಳು: ಮಾಟ ಅಲ್ಲ ದೊಡ್ಡಪ್ಪ, ಅದರೊಳಗೆ ಇರೋದು ಯೋಚನೆಯೇ. ನೀವು ಬರೀ ಕೊನೆಯದನ್ನು ನೋಡ್ತಿದೀರಿ. ಕ್ಯೂಬಿಗೆ ಎಷ್ಟು ಸ್ಥಿತಿ ಇದೆ ಹೇಳಿ.

ದೊಡ್ಡಪ್ಪ: ಹತ್ತೊಂಬತ್ತು ಸೊನ್ನೆ ಹಾಕುವಷ್ಟು ಅಂತ ನೆನಪು.

ಮಗಳು: 43,252,003,274,489,856,000. ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷದ ಮೂವತ್ತೆರಡು ಸಾವಿರ ಕೋಟಿ ಕೋಟಿ. ಸೆಕೆಂಡಿಗೆ ಒಂದರಂತೆ ನೋಡ್ತಾ ಹೋದರೆ ವಿಶ್ವ ಹುಟ್ಟಿ ಎಷ್ಟು ಕಾಲ ಆಯ್ತೋ ಅದರ ನೂರು ಪಟ್ಟು ಕಾಲ ಬೇಕು. ಮೊಬೈಲ್ ಅದನ್ನೆಲ್ಲ ಹುಡುಕೋಕಾಗಲ್ಲ. ಜರ್ಮನಿಯ ಹರ್ಬರ್ಟ್ ಕೊಸಿಯೆಂಬಾ 1992ರಲ್ಲಿ ಒಂದು ಉಪಾಯ ಕಂಡುಕೊಂಡರು. ಕೆಲಸವನ್ನು ಎರಡು ಭಾಗ ಮಾಡಿದರು. ಮೊದಲ ಭಾಗದಲ್ಲಿ ಕ್ಯೂಬನ್ನು ಪೂರ್ತಿ ಸರಿಮಾಡೋ ಯೋಚನೆಯೇ ಇಲ್ಲ, ಒಂದು ಸುಲಭದ ಜಾತಿಯ ಸ್ಥಿತಿಗೆ ತಂದರೆ ಸಾಕು. ಎರಡನೇ ಭಾಗದಲ್ಲಿ ಅಲ್ಲಿಂದ ಮನೆಗೆ. ಮೊದಲನೆಯದರಲ್ಲಿ 221 ಕೋಟಿ ಚಿಲ್ಲರೆ ಸಾಧ್ಯತೆ, ಎರಡನೆಯದರಲ್ಲಿ 1,950 ಕೋಟಿ ಚಿಲ್ಲರೆ. ಇವೆರಡನ್ನೂ ಗುಣಿಸಿದರೆ ಆ ದೊಡ್ಡ ಸಂಖ್ಯೆ ಬರುತ್ತೆ. ಬಿಡಿಬಿಡಿಯಾಗಿ ನೋಡಿದರೆ, ಮೊದಲೇ ಕೋಷ್ಟಕ ಮಾಡಿಟ್ಟುಕೊಂಡು ಮೊಬೈಲ್ ಕ್ಷಣದಲ್ಲಿ ದಾರಿ ಹುಡುಕುತ್ತೆ. ಆ್ಯಪ್‌ಗಳು ಹೆಚ್ಚಾಗಿ ಮಾಡೋದು ಇದನ್ನೇ.

ದೊಡ್ಡಪ್ಪ: ಸುಲಭದ ಜಾತಿ ಅಂದೆಯಲ್ಲ, ಅದು ಯಾವುದು?

ಮಗಳು: ಇರಿ, ತೋರಿಸ್ತೀನಿ.

ಅವಳು ಕ್ಯೂಬನ್ನು ಚೆನ್ನಾಗಿ ಕಲಸಿದಳು. ಕಿಟಕಿಯ ಬೆಳಕಿಗೆ ಹಿಡಿದು ಆರೂ ಮುಖಗಳನ್ನು ಮೊಬೈಲಿಗೆ ತೋರಿಸಿದಳು. ಪರದೆಯ ಮೇಲೆ ಬಾಣಗಳ ಸಾಲು ಬಂತು. ಅದನ್ನು ದೊಡ್ಡಪ್ಪನ ಕಡೆ ತಿರುಗಿಸಿದಳು.

ಮಗಳು: ಈ ಸಾಲನ್ನ ಪೂರ್ತಿ ಓದಿ. ಮೊದಲ ಅರ್ಧದಲ್ಲಿ ಎಲ್ಲಾ ಬದಿಗೂ ಕಾಲು ಸುತ್ತು ಇದೆ. ಇಲ್ಲಿಂದ ಮುಂದೆ ನೋಡಿ, ಮುಂದೆ, ಹಿಂದೆ, ಎಡ, ಬಲ ಈ ನಾಲ್ಕಕ್ಕೂ ಅರ್ಧ ಸುತ್ತು ಮಾತ್ರ. ಕಾಲು ಸುತ್ತು ಉಳಿದಿರೋದು ಮೇಲೆ ಕೆಳಗೆ ಅಷ್ಟೇ. ಗಡಿ ಇರೋದು ಇಲ್ಲೇ. ಅಲ್ಲಿಯವರೆಗೆ ತಿರುಗಿಸಿ ನಿಲ್ಲಿಸಿ.

ದೊಡ್ಡಪ್ಪ: ಆಯ್ತು. ನಿಲ್ಲಿಸಿದೆ. ಪಕ್ಕದ ಬದಿಗಳೆಲ್ಲ ಕಲಸಿಕೊಂಡೇ ಇವೆ.

ಮಗಳು: ಮೇಲಿನ ಮುಖ ನೋಡಿ. ಕೆಳಗಿನದೂ ನೋಡಿ.

ದೊಡ್ಡಪ್ಪ: ಬಿಳಿ, ಹಳದಿ. ಬೇರೆ ಬಣ್ಣವೇ ಇಲ್ಲ. ಕೆಳಗೂ ಬಿಳಿ, ಹಳದಿ ಮಾತ್ರ. ಅಯ್ಯೋ, ಇದು ಎಷ್ಟು ಸೊಗಸಾಗಿದೆ! ಪಕ್ಕದವನ್ನ ಅರ್ಧ ಸುತ್ತು ತಿರುಗಿಸಿದರೆ ಮೇಲಿನದು ಕೆಳಗೆ ಹೋಗುತ್ತೆ, ಕೆಳಗಿನದು ಮೇಲೆ ಬರುತ್ತೆ, ಆದ್ದರಿಂದ ಬಿಳಿ ಹಳದಿ ಕೆಡೋದೇ ಇಲ್ಲ. ಅದಕ್ಕೇ ಅರ್ಧ ಸುತ್ತು.

ಮಗಳು: ಅದೇ. ಯಾವ ಜೋಡಿ ಬಣ್ಣ ಅನ್ನೋದು ಬೇರೆ ಬೇರೆ ಆಗಬಹುದು, ಎಷ್ಟನೇ ತಿರುವಲ್ಲಿ ಅನ್ನೋದೂ ಪ್ರತಿ ಸಲ ಬೇರೆ. ಆದರೆ ದಾರಿಯಲ್ಲಿ ಇಂಥ ಒಂದು ತಂಗುದಾಣ ಇರುತ್ತೆ. 2010ರಲ್ಲಿ ಯಾವ ಸ್ಥಿತಿಯಲ್ಲಿದ್ದರೂ ಇಪ್ಪತ್ತು ತಿರುವು ಸಾಕು, ಅದಕ್ಕಿಂತ ಹೆಚ್ಚು ಎಂದೂ ಬೇಕಿಲ್ಲ ಅಂತ ಸಾಬೀತು ಮಾಡಿದರಲ್ಲ, ರೊಕಿಕಿ, ಕೊಸಿಯೆಂಬಾ, ಡೇವಿಡ್ಸನ್, ಡೆಥ್‌ರಿಜ್ ಈ ನಾಲ್ಕು ಜನ, ಅವರೂ ಇದೇ 221 ಕೋಟಿ ಗುಂಪುಗಳಾಗಿ ವಿಂಗಡಿಸಿಯೇ ಲೆಕ್ಕ ಹಾಕಿದ್ದು. ಒಂದು ಕಂಪ್ಯೂಟರ್ ಮೂವತ್ತೈದು ವರ್ಷ ಮಾಡುವಷ್ಟು ಲೆಕ್ಕವನ್ನು ಗೂಗಲ್ ತನ್ನ ಯಂತ್ರಗಳಲ್ಲಿ ಹಂಚಿ ಮಾಡಿಸಿಕೊಟ್ಟಿತು. ಮಾಟ ಅಂದಿರಲ್ಲ, ಅದಕ್ಕೆ ಹೇಳಿದೆ.

ದೊಡ್ಡಪ್ಪ: ಆ ಮಾತು ವಾಪಸ್ ತಗೊಂಡೆ. ಆದರೆ ಈಗ ನನ್ನ ದೂರು ಇನ್ನೂ ಗಟ್ಟಿ ಆಯ್ತು ಕಣಮ್ಮ. ಇಷ್ಟು ಒಳ್ಳೆಯ ವಿಷಯ ಆ ಆ್ಯಪ್ ಒಳಗೆ ಇದೆ. ಅದು ಯಾಕೆ ಹೇಳಲಿಲ್ಲ? ಹೇಳಿದ್ದು ನೀನು. ಅದು ಬರೀ ಬಾಣ ತೋರಿಸ್ತು. ಪುಟ್ಟನೂ ಈ ಬಿಳಿ ಹಳದಿ ಜಾಗ ದಾಟಿಕೊಂಡೇ ಹೋಗಿರಬೇಕು, ಅವನ ಕಣ್ಣಿಗೆ ಬೀಳಲೇ ಇಲ್ಲ. ಬಾಣದ ಮೇಲೇ ಕಣ್ಣಿದ್ದವನು ಕ್ಯೂಬನ್ನ ಎಲ್ಲಿ ನೋಡ್ತಾನೆ?

ಈ ಮಾತಿಗೆ ಅವಳು ಕೂಡಲೇ ಉತ್ತರ ಕೊಡಲಿಲ್ಲ. ಇಡೀ ಮಾತುಕತೆಯಲ್ಲಿ ನನಗೆ ಅತಿ ಮುಖ್ಯವೆಂದು ತೋರಿದ್ದು ಇದು. ಒಳಗೆ ಕಾರಣ ಇಟ್ಟುಕೊಂಡು ಹೊರಗೆ ಅಪ್ಪಣೆ ಮಾತ್ರ ಕೊಡುವ ಸಾಧನ ಎಷ್ಟೇ ಜಾಣತನದ್ದಾಗಿದ್ದರೂ ಕಲಿಯುವವನ ಪಾಲಿಗೆ ಮೂಕ.

ಮಗಳು: ಅದು ಬರೆದವರ ಕೊರತೆ, ಆ್ಯಪ್ ಅನ್ನೋದರ ಕೊರತೆ ಅಲ್ಲ. ಇಲ್ಲಿ ನಿಲ್ಲು, ಮೇಲೆ ನೋಡು, ಏನು ಕಾಣ್ತು ಅಂತ ಕೇಳುವ ಹಾಗೆ ಬರೀಬಹುದು. ಪದರ ಪದರವಾಗಿ ಕಲಿಸುವಂಥವೂ ಇವೆ.

ದೊಡ್ಡಪ್ಪ: ಬರೀಬಹುದು. ಆದರೆ ಕೈಲಿ ಎರಡೂ ಇದ್ದಾಗ ಮಗು ಯಾವುದನ್ನ ಒತ್ತುತ್ತೆ?

ಮಗಳು: ಎರಡನ್ನೂ. ಬೇರೆ ಬೇರೆ ದಿನ. ನನಗೆ ಬೇಸರ ಆಗೋದು ಎಲ್ಲಿ ಗೊತ್ತಾ? ಸಿಕ್ಕಿಹಾಕಿಕೊಂಡು ಕೂತಿರೋದೇ ದೊಡ್ಡ ಪಾಠ ಅಂತ ನೀವು ಅಂದುಕೊಂಡಿರೋದು. ನಿಮ್ಮ ಕಾಲದಲ್ಲಿ ಕ್ಯೂಬ್ ಕೊಂಡವರಲ್ಲಿ ಬಹಳ ಮಂದಿಗೆ ಅದು ಬಿಡಿಸೋಕೇ ಆಗಲಿಲ್ಲ. ಸ್ಟಿಕ್ಕರ್ ಕಿತ್ತು ಅಂಟಿಸಿದರು, ಇಲ್ಲ ಬೀರು ಮೇಲೆ ಎಸೆದರು. ಕಷ್ಟ ಅವರಿಗೆ ಏನು ಕಲಿಸ್ತು? ಇದು ಬುದ್ಧಿವಂತರಿಗೆ ಮಾತ್ರ, ನನಗಲ್ಲ ಅನ್ನೋದನ್ನ. ಗಣಿತದ ಬಗ್ಗೆ ಎಷ್ಟು ಮಕ್ಕಳು ಹೀಗೇ ತೀರ್ಮಾನ ಮಾಡ್ಕೊಂಡು ಬಿಡ್ತಾರೆ. ನನ್ನ ಮಗ ಹಾಗೆ ಅಂದುಕೊಳ್ಳೋದು ನನಗೆ ಬೇಡ.

ದೊಡ್ಡಪ್ಪ: ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಅರ ಹಿಡಿಸಿದ ಹುಡುಗರಲ್ಲೂ ಬಿಟ್ಟು ಹೋದವರು ಇದ್ದರು. ಪಕ್ಕದಲ್ಲಿ ನಿಂತು ಮೊಣಕೈ ಹೀಗಿಡು, ತೋಳು ಬಿಗಿ ಹಿಡೀಬೇಡ ಅಂತ ಹೇಳೋಕೆ ಒಬ್ಬ ಇಲ್ಲದೆ ಇದ್ದಿದ್ದರೆ ಇನ್ನೂ ಎಷ್ಟೋ ಜನ ಬಿಡ್ತಿದ್ದರು.

ಮಗಳು: ಹಾಗೆ ಪಕ್ಕದಲ್ಲಿ ನಿಲ್ಲೋರು ಎಲ್ಲರ ಮನೇಲೂ ಇರಲ್ಲ. ನಿನ್ನೆಯ ಇನ್ನೊಂದು ಕಥೆ ಹೇಳಿಲ್ಲ ನಾನು. ಬಣ್ಣ ಎಲ್ಲಾ ಸರಿಯಾಗಿ ಕೊಟ್ಟ ಮೇಲೂ ಆ್ಯಪ್ ಆಗಲ್ಲ ಅಂತು. ಒಂದು ಮೂಲೆ ತಿರುಚಿಕೊಂಡಿದೆ, ಈ ಕ್ಯೂಬನ್ನ ಎಷ್ಟು ತಿರುಗಿಸಿದರೂ ಸರಿಯಾಗಲ್ಲ ಅಂತ. ಸೋಫಾ ಕೆಳಗೆ ಎಸೆದಾಗ ಆಗಿರಬೇಕು. ಈಗಿನ ಕ್ಯೂಬ್‌ಗಳು ಸಡಿಲ, ಮೂಲೆ ಹಿಡಿದು ತಿರುಚಿದರೆ ತಿರುಗಿಬಿಡುತ್ತೆ, ಹಾಗೆ ವಾಪಸ್ ತಿರುಚಿದ ಮೇಲೇ ಸರಿಹೋದದ್ದು. ಯೋಚನೆ ಮಾಡಿ, ಆ ಮಗು ಸರಿಯಾಗೋಕೆ ಸಾಧ್ಯವೇ ಇಲ್ಲದ ಕ್ಯೂಬನ್ನ ಹಿಡಿದು ತಾನೇ ದಡ್ಡ ಅಂತ ಅಳ್ತಾ ಕೂತಿರ್ತಿತ್ತು. ಕ್ಯೂಬನ್ನ ಬಿಚ್ಚಿ ಕಣ್ಣು ಮುಚ್ಚಿಕೊಂಡು ಹೇಗೆ ಹೇಗೋ ಜೋಡಿಸಿದರೆ ಅದು ಬಿಡಿಸಬಹುದಾದ್ದು ಆಗುವ ಸಾಧ್ಯತೆ ಹನ್ನೆರಡರಲ್ಲಿ ಒಂದು. ಇದನ್ನ ಯಾವ ಕೈ ಮುಟ್ಟಿ ಹೇಳುತ್ತೆ?

ದೊಡ್ಡಪ್ಪ: ನನ್ನ ಕೈ ಹೇಳುತ್ತೆ.

ಮಗಳು: ಹೇಗೆ?

ದೊಡ್ಡಪ್ಪ: ಕ್ಯೂಬ್ ತಗೋ. ಮೊದಲು ಉಳಿದ ಬಾಣ ಮುಗಿಸಿ ಸರಿಮಾಡು. ಈಗ ನೋಡು, ಮುಂದಿನ ಬಲ ಮೂಲೆ, ಮೇಲಿನ ಪದರದ್ದು. ಬಲಬದಿ ಕೆಳಕ್ಕೆ, ತಳದ ಪದರ ಎಡದಿಂದ ಬಲಕ್ಕಲ್ಲ, ಬಲದಿಂದ ಎಡಕ್ಕೆ, ಬಲಬದಿ ಮೇಲಕ್ಕೆ, ತಳ ವಾಪಸ್. ಇದನ್ನೇ ಇನ್ನೊಂದು ಸಲ. ಈಗ ಮೇಲಿನ ಪದರದಲ್ಲಿ ಏನು ಬದಲಾಗಿದೆ?

ಮಗಳು: ಆ ಮೂಲೆ ಒಂದೇ. ಇದ್ದಲ್ಲೇ ಇದೆ, ತಿರುಚಿಕೊಂಡಿದೆ. ಮೇಲೆ ಬೇರೆ ಯಾವುದೂ ಅಲ್ಲಾಡಿಲ್ಲ. ಕೆಳಗೆ ಮಾತ್ರ ಕೆಟ್ಟಿದೆ.

ದೊಡ್ಡಪ್ಪ: ಈಗ ಮೇಲಿನ ಪದರವನ್ನ ಮಾತ್ರ ಕಾಲು ಸುತ್ತು. ಅದೇ ಜಾಗಕ್ಕೆ ಇನ್ನೊಂದು ಮೂಲೆ ಬಂತು. ಮೊದಲು ಮಾಡಿದ್ದನ್ನ ಹಿಂದುಮುಂದಾಗಿ ಬಿಚ್ಚು, ಕೊನೇದು ಮೊದಲು. ಮುಗೀತಾ? ಮೇಲಿನ ಪದರ ವಾಪಸ್ ತಿರುಗಿಸು.

ಮಗಳು: ಕೆಳಗೆ ಕೆಟ್ಟದ್ದೆಲ್ಲ ಸರಿಯಾಗಿದೆ! ಎರಡು ಮೂಲೆ ಮಾತ್ರ ತಿರುಚಿವೆ. ಒಂದು ಬಲಕ್ಕೆ, ಒಂದು ಎಡಕ್ಕೆ.

ದೊಡ್ಡಪ್ಪ: ಮಾಡು, ಬೇರೆ ಏನೋ ಮಾಡು, ಮೊದಲಿನದನ್ನ ಬಿಚ್ಚು, ಎರಡನೆಯದನ್ನ ಬಿಚ್ಚು. ಇದು ಹಾಳೆಯಲ್ಲಿ ಇರಲಿಲ್ಲ. ಹಾಳೆಯ ಸೂತ್ರಗಳನ್ನ ತಿರುಗಿಸಿ ತಿರುಗಿಸಿ, ಇದು ಯಾಕೆ ಕೆಲಸ ಮಾಡುತ್ತೆ ಅಂತ ತಲೆ ಕೆಡಿಸಿಕೊಂಡು, ಒಂದು ರಾತ್ರಿ ನನಗೇ ಹೊಳೀತು. ಅದರ ಜೊತೆಗೇ ಇನ್ನೊಂದೂ ತಿಳೀತು. ಒಂದು ಬಲಕ್ಕೆ ತಿರುಚಿದರೆ ಇನ್ನೊಂದು ಎಡಕ್ಕೆ ತಿರುಚಲೇಬೇಕು, ಇಲ್ಲ ಮೂರೂ ಒಂದೇ ಕಡೆಗೆ ತಿರುಚಬೇಕು. ಒಟ್ಟು ಲೆಕ್ಕ ಯಾವತ್ತೂ ಪೂರ್ತಿ ಸುತ್ತಾಗಬೇಕು. ಒಂದೇ ಮೂಲೆ ಒಂಟಿಯಾಗಿ ತಿರುಚಿ ನಿಂತಿದ್ದರೆ ಅದು ನ್ಯಾಯವಾದ ತಿರುವಿನಿಂದ ಆದದ್ದಲ್ಲ. ಪುಟ್ಟನ ಕ್ಯೂಬನ್ನ ಪದರ ಪದರವಾಗಿ ಬಿಡಿಸ್ತಾ ಬಂದಿದ್ದರೆ ಕೊನೆಗೆ ಒಂದೇ ಒಂದು ಮೂಲೆ ಸೊಟ್ಟ ನಿಂತಿರೋದು. ಆಗ ಕ್ಯೂಬೇ ಕೆಟ್ಟಿದೆ ಅಂತ ನಾನು ಹೇಳ್ತಿದ್ದೆ, ಯಾಕೆ ಅಂತಲೂ ಹೇಳ್ತಿದ್ದೆ.

ಮಗಳು: ಇದನ್ನ ಇಷ್ಟು ವರ್ಷ ನನಗೆ ಯಾಕೆ ತೋರಿಸಲಿಲ್ಲ ದೊಡ್ಡಪ್ಪ?

ದೊಡ್ಡಪ್ಪ: ನೀನು ಕೇಳಲಿಲ್ಲ. ಹೇಳಿಕೊಟ್ಟರೆ ಅದು ಇನ್ನೊಂದು ಹಾಳೆ ಆಗುತ್ತೆ ಅಂತಲೂ ಇತ್ತು.

ಮಗಳು: ಇದನ್ನ ನಾನು ಒಪ್ಪಲ್ಲ. ಈಗ ನೀವು ಹೇಳಿಕೊಟ್ಟಿರಿ, ನನಗೆ ಅರ್ಥ ಆಯ್ತು, ಖುಷಿಯೂ ಆಯ್ತು. ನಾನೇ ಕಂಡುಹಿಡಿಯಲಿಲ್ಲ ಅಂತ ಅದರ ರುಚಿ ಕಡಿಮೆ ಆಗಲಿಲ್ಲ. ಎಲ್ಲವನ್ನೂ ಪ್ರತಿಯೊಬ್ಬನೂ ಮೊದಲಿಂದ ಕಂಡುಹಿಡೀಬೇಕು ಅಂದರೆ ಶಾಲೆ ಯಾಕೆ, ಮೇಷ್ಟ್ರು ಯಾಕೆ?

ದೊಡ್ಡಪ್ಪ: ಕ್ಯೂಬ್ ಯಾವ ಕೈಯಲ್ಲಿತ್ತು? ನಿನ್ನ ಕೈಯಲ್ಲಿ. ಏನು ಬದಲಾಯ್ತು ಅಂತ ನಾನು ಕೇಳಿದೆ, ನೋಡಿ ಹೇಳಿದ್ದು ನೀನು. ಬಾಣ ಕೇಳೋದಿಲ್ಲ.

ಮಗಳು: ಸರಿ. ಇನ್ನು ಮೊಬೈಲ್ ಬಂದು ಕೈಯ ಕೆಲಸ ಹೋಯ್ತು ಅನ್ನೋದಾದರೆ ಅದಂತೂ ಆಗಿಲ್ಲ. 2014ರಲ್ಲಿ ಡೇವಿಡ್ ಗಿಲ್ಡೇ, ಮೈಕ್ ಡಾಬ್ಸನ್ ಅನ್ನೋ ಇಬ್ಬರು ಲೆಗೋ ತುಂಡುಗಳಿಂದ ಕೈಗಳನ್ನ ಮಾಡಿ, ಮಾಮೂಲಿ ಸ್ಯಾಮ್‌ಸಂಗ್ ಮೊಬೈಲನ್ನೇ ಕಣ್ಣು, ತಲೆ ಮಾಡಿ ಕ್ಯೂಬ್ ಬಿಡಿಸಿದರು. 3.253 ಸೆಕೆಂಡು. 2024ರಲ್ಲಿ ಜಪಾನಿನ ಮಿತ್ಸುಬಿಷಿ ಎಲೆಕ್ಟ್ರಿಕ್ ರೋಬಾಟ್ 0.305 ಸೆಕೆಂಡಿಗೆ ಇಳಿಸಿತು. ಮನುಷ್ಯರು ನಿಲ್ಲಿಸಿದರಾ? 1982ರಲ್ಲಿ ಬುಡಾಪೆಸ್ಟಿನ ಮೊದಲ ವಿಶ್ವ ಸ್ಪರ್ಧೆ ಗೆದ್ದ ಮಿನ್ ಥಾಯ್‌ಗೆ ಬೇಕಾಗಿದ್ದು 22.95 ಸೆಕೆಂಡು. 2023ರಲ್ಲಿ ಮ್ಯಾಕ್ಸ್ ಪಾರ್ಕ್ 3.13 ಸೆಕೆಂಡಲ್ಲಿ ಮುಗಿಸಿದ. ಸ್ಪರ್ಧೆಯಲ್ಲಿ ಮೊದಲು ನೋಡಿಕೊಳ್ಳೋಕೆ ಹದಿನೈದು ಸೆಕೆಂಡು ಕೊಡ್ತಾರೆ, ಅದು ಬೇರೆ. ಆದರೂ ಆ ಮೊಬೈಲ್ ರೋಬಾಟಿನ ಅಂಕಿಗಿಂತ ಕಡಿಮೆ! ಬೆಂಗಳೂರಲ್ಲೂ ಸ್ಪರ್ಧೆ ನಡೀತಾನೇ ಇರುತ್ತೆ.

ದೊಡ್ಡಪ್ಪ: ಅಲ್ಲಿ ಮೊಬೈಲ್ ಬಿಡಲ್ಲ, ಗೊತ್ತಾ? ಅತಿ ಕಡಿಮೆ ತಿರುವಿನ ಸ್ಪರ್ಧೆ ಅಂತ ಒಂದಿದೆಯಂತೆ. ಒಂದು ಗಂಟೆ ಸಮಯ, ಕಾಗದ, ಪೆನ್ನು, ಕ್ಯೂಬ್ ಅಷ್ಟೇ. ಮೊಬೈಲ್ ಕ್ಷಣದಲ್ಲಿ ಹೇಳೋದನ್ನ ಒಂದು ಗಂಟೆ ಕೂತು ಹುಡುಕ್ತಾರೆ. ಯಾಕೆ?

ಮಗಳು: ಆ ಸ್ಪರ್ಧೆಗೆ ಕ್ಯೂಬ್ ಕಲಸುವ ಕ್ರಮ ಎಲ್ಲಿಂದ ಬರುತ್ತೆ ಗೊತ್ತಾ? ವಿಶ್ವ ಕ್ಯೂಬ್ ಸಂಘದ ಕಂಪ್ಯೂಟರ್ ಪ್ರೋಗ್ರಾಮಿಂದ. ಅದು ಲಾಟರಿ ಎತ್ತಿದ ಹಾಗೆ ಒಂದು ಸ್ಥಿತಿ ಆರಿಸಿ, ಕೊಸಿಯೆಂಬಾ ವಿಧಾನದಲ್ಲೇ ಅದನ್ನ ಬಿಡಿಸಿ, ಆ ದಾರಿಯನ್ನ ಹಿಂದುಮುಂದು ಮಾಡಿ ಕೊಡುತ್ತೆ. ಬಿಡಿಸೋ ಯಂತ್ರ ಇಲ್ಲದೆ ಇದ್ದಿದ್ದರೆ ಎಲ್ಲರಿಗೂ ಒಂದೇ ಥರ ನ್ಯಾಯವಾಗಿ ಕಲಸೋಕೂ ಆಗ್ತಿರಲಿಲ್ಲ. ಯಂತ್ರ ಕಲಸಿ ಕೊಡುತ್ತೆ, ಕೈ ಬಿಡಿಸುತ್ತೆ. ಇಬ್ಬರಿಗೂ ಜಾಗ ಇದೆ.

ದೊಡ್ಡಪ್ಪ: ಅದು ದೊಡ್ಡವರಿಗೆ ಸರಿ. ಯಾವಾಗ ಮೊಬೈಲ್ ಆಚೆ ಇಡಬೇಕು ಅಂತ ಅವರಿಗೆ ತಿಳಿದಿದೆ. ಒಂಬತ್ತು ವರ್ಷದವನಿಗೆ ತಿಳಿದಿರಲ್ಲ. ಈಗ ಒಂದು ಮಾಡೋಣ. ಮತ್ತೆ ಕಲಸು, ಬಿಳಿ ಹಳದಿ ಜಾಗದವರೆಗೆ ತಂದು ನಿಲ್ಲಿಸು, ಅವನ ಕೈಗೆ ಕೊಡು. ಇಲ್ಲಿಂದ ಮುಂದೆ ಪಕ್ಕದವಕ್ಕೆ ಅರ್ಧ ಸುತ್ತು ಮಾತ್ರ ಅಂತ ಹೇಳು. ಹಿಡಿದುಕೊಳ್ಳೋಕೆ ಒಂದು ಹಿಡಿ ಸಿಕ್ಕ ಹಾಗಾಯ್ತು. ಮುಂದಿನದು ಅವನದು.

ಮಗಳು: ಅಂದರೆ ಅರ್ಧ ದಾರಿಗೆ ಮೊಬೈಲ್ ಒಪ್ಪಿದಿರಿ.

ದೊಡ್ಡಪ್ಪ: ನಿಲ್ಲಿಸೋದು ಎಲ್ಲಿ ಅಂತ ಗೊತ್ತಿರೋ ಅಮ್ಮನನ್ನ ಒಪ್ಪಿದೆ.

ಮಗಳು: ಉಳಿದ ಅರ್ಧದಲ್ಲೂ 1,950 ಕೋಟಿ ಸ್ಥಿತಿ ಇದೆ ದೊಡ್ಡಪ್ಪ. ಅವನು ಮತ್ತೆ ಸಿಕ್ಕಿಹಾಕಿಕೊಳ್ತಾನೆ. ಬಂದು ಮುಂದಿನ ಬಾಣ ತೋರಿಸು ಅಂತಾನೆ.

ದೊಡ್ಡಪ್ಪ: ಎಷ್ಟು ದಿನಕ್ಕೆ?

ಮಗಳು: ಅದೇ ಸಂಜೆಗೆ ಬರಬಹುದು. ಬಂದರೆ ನಾನು ತೋರಿಸ್ತೀನಿ. ಎಲ್ಲಾ ಒಟ್ಟಿಗಲ್ಲ, ಒಂದೊಂದೇ ಬಾಣ. ತಿರುಗಿಸೋ ಮುಂಚೆ ಏನಾಗುತ್ತೆ ಅಂತ ಅವನು ಹೇಳಬೇಕು.

ದೊಡ್ಡಪ್ಪ: ಹೇಳೋಕೆ ಬರದೇ ಇದ್ದರೆ?

ಮಗಳು: ಆಗಲೂ ತೋರಿಸ್ತೀನಿ.

ದೊಡ್ಡಪ್ಪ: ನಾನಾದರೆ ತೋರಿಸಲ್ಲ. ಪಕ್ಕದಲ್ಲಿ ಕೂತಿರ್ತೀನಿ, ತೋರಿಸಲ್ಲ.